ಕೂಸಿನ ತೊಡೆಗೆ ಹಾಕೋ ಆ ಒಂದು ಸೂಜಿ

ಹೋದ ತಿಂಗಳು ಚಾಮರಾಜನಗರದಲ್ಲಿ ನನ್ನ ತಂಗಿಗೆ ಮೊಮ್ಮಗ ಹುಟ್ಟುದ. ಹುಟ್ಟಿ ಗಂಟೆ ಆಗಿತ್ತೋ ಇಲ್ವೋ, ನರ್ಸಮ್ಮ ಬಂದು ಕೂಸಿನ ತೊಡೆಗೆ ಸೂಜಿ ಚುಚ್ಚುದ್ರು. "ಅಯ್ಯೋ, ಈಗ ತಾನೆ ಬಂದದೆ, ಇದಕ್ಕೂ ಇಂಜೆಕ್ಷನ್ನಾ?" ಅಂದ್ರು ಪಕ್ಕದ ಮನೆ ಅಕ್ಕ. ನಂಗೆ ನಮ್ಮವ್ವ ನೆಪ್ಪಾದ್ರು.

ನಾನು ಹುಟ್ಟೋಕೆ ಮುಂಚೆ, 1966ರಲ್ಲಿ, ಗುಂಡ್ಲುಪೇಟೆ ಕಡೆ ನಮ್ಮ ಹಳ್ಳಿ ಮನೇಲೇ ಅವ್ವಂಗೆ ಒಂದು ಗಂಡು ಕೂಸಾಗಿತ್ತಂತೆ. ಮೂರು ದಿನ ಚೆನ್ನಾಗಿ ಹಾಲು ಕುಡೀತು. ನಾಲ್ಕನೇ ದಿನ ಹೊಕ್ಕಳಿಂದ ರಕ್ತ ಜಿನುಗ್ತು. ಅರಿಸಿನ ಒತ್ತುದ್ರು, ಬಟ್ಟೆ ಸುತ್ತುದ್ರು, ನಿಲ್ಲಲಿಲ್ಲ. ಮಾರನೇ ದಿನ ಕೂಸು ಹೋಯ್ತು. ಬಾಣ್ತಿ ಪಥ್ಯ ಕೆಡಿಸುದ್ಲು, ಹಾಲು ನಂಜಾಯ್ತು ಅಂತ ಎಲ್ಲಾ ಅವ್ವನ್ನೇ ಅಂದ್ರು. ಸಾಯೋ ಗಂಟ ಅವ್ವ ಅದನ್ನ ನಂಬಿದ್ರು.

ಈ ತೊಂದರೆ ನಮ್ಮೂರಿಗೆ ಮಾತ್ರ ಬಂದದ್ದಲ್ಲ. 1894ರಲ್ಲೇ ಅಮೆರಿಕದ ಬೋಸ್ಟನ್ನಿನ ಚಾರ್ಲ್ಸ್ ಟೌನ್‌ಸೆಂಡ್ ಅನ್ನೋ ಡಾಕ್ಟ್ರು ಹಿಂಗೆ ರಕ್ತ ಸೋರಿದ 50 ಕೂಸುಗಳ ವಿಚಾರ ಬರೆದ್ರು. ಇದು ವಂಶದಲ್ಲಿ ಬರೋ ರಕ್ತದ ಕಾಯಿಲೆ ಅಲ್ಲ ಅಂತ ಗುರುತಿಸಿದ್ರು. ಕಾರಣ ಮಾತ್ರ ಸಿಕ್ಕಲಿಲ್ಲ.

ಕಾರಣ ತೋರಿಸಿದ್ದು ಕೋಳಿಮರಿಗಳು ಕಣ್ರವ್ವ! 1929ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಅನ್ನೋರು ಮರಿಗಳಿಗೆ ಜಿಡ್ಡಿಲ್ಲದ ಮೇವು ಹಾಕಿ ನೋಡ್ತಿದ್ದಾಗ, ಮರಿಗಳ ಚರ್ಮದಡಿ ರಕ್ತ ಸೋರ್ತು. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಒಂದು ಸತ್ವ ಆ ಮೇವಲ್ಲಿರಲಿಲ್ಲ, ಹಸಿರು ಸೊಪ್ಪಲ್ಲಿತ್ತು. 1935ರಲ್ಲಿ ಅದಕ್ಕೆ ವಿಟಮಿನ್ ಕೆ ಅಂತ ಹೆಸರಿಟ್ರು. ಈ ಕೆಲಸಕ್ಕೆ ಡಾಮ್ ಅವರಿಗೂ ಅಮೆರಿಕದ ಎಡ್ವರ್ಡ್ ಡೋಯ್ಸಿ ಅವರಿಗೂ 1943ರ ನೊಬೆಲ್ ಬಂತು.

ಹಾಲು ಮೊಸರಾಗೋಕೆ ಹೆಪ್ಪು ಬೇಕಲ್ವಾ, ಹಂಗೇ ರಕ್ತ ಗಟ್ಟಿಯಾಗೋಕೂ ಕೆಲವು ಅಂಶ ಬೇಕು. ಅದರಲ್ಲಿ ನಾಲ್ಕನ್ನ ಈಲಿ ತಯಾರು ಮಾಡಬೇಕಾದ್ರೆ ವಿಟಮಿನ್ ಕೆ ಇರಲೇಬೇಕು. ತಾಯಿ ಎಷ್ಟು ಸೊಪ್ಪು ತಿಂದ್ರೂ ಅದು ಹೊಟ್ಟೇಲಿರೋ ಕೂಸಿಗೆ ದಾಟೋದು ಕಮ್ಮಿ, ಎದೆಹಾಲಲ್ಲೂ ಕಮ್ಮಿ. ಎಲ್ಲಾ ತಾಯಂದಿರದ್ದೂ ಅಷ್ಟೇ, ಯಾರ ತಪ್ಪೂ ಅಲ್ಲ. ಅದಕ್ಕೇಂತ ಎದೆಹಾಲು ನಿಲ್ಲಿಸಬಾರದು.

ಕಟ್ಟಿದ ಹೆಪ್ಪು ಕೆಲಸ ಮುಗಿದ ಮೇಲೆ ಕರಗಲೂ ಬೇಕು. 1987ರಲ್ಲಿ ಕೆನಡಾದ ಮೌರೀನ್ ಆಂಡ್ರ್ಯೂ ಮತ್ತು ಜೊತೆಗಾರರು ಎಳೆಗೂಸುಗಳ ರಕ್ತ ಅಳೆದು ತೋರಿಸಿದ್ರು: ಹೆಪ್ಪುಗಟ್ಟಿಸೋ ಅಂಶಗಳಲ್ಲಿ ಹಲವು, ಕರಗಿಸೋ ಅಂಶ, ಎರಡೂ ದೊಡ್ಡವರಿಗಿಂತ ಕಮ್ಮಿ. ತಕ್ಕಡಿಯ ಎರಡು ತಟ್ಟೇಲೂ ಭಾರ ಕಮ್ಮಿ ಇರೋದರಿಂದ ಕೂಸು ಸರಿಯಾಗೇ ಇರ್ತದೆ. ಆರು ತಿಂಗಳ ಹೊತ್ತಿಗೆ ಬಹುಪಾಲು ದೊಡ್ಡವರ ಮಟ್ಟಕ್ಕೆ ಬರ್ತದೆ. ಆದ್ರೆ ವಿಟಮಿನ್ ಕೆ ತೀರಾ ಕಮ್ಮಿಯಾದ್ರೆ ತಕ್ಕಡಿ ವಾಲ್ತದೆ.

ಹುಟ್ಟಿದ ಕೂಸಿಗೆಲ್ಲ ಇದನ್ನ ಕೊಡಿ ಅಂತ ಅಮೆರಿಕದ ಮಕ್ಕಳ ಡಾಕ್ಟ್ರ ಸಂಘ 1961ರಲ್ಲೇ ಹೇಳ್ತು. ನಮ್ಮಣ್ಣ ಹುಟ್ಟಿದ್ದು ಅದಾಗಿ ಐದು ವರ್ಷಕ್ಕೆ. ಔಷಧಿ ಲೋಕದಲ್ಲಿತ್ತು, ನಮ್ಮ ಮನೆ ಬಾಗಿಲಿಗೆ ಬಂದಿರಲಿಲ್ಲ. ಆಸ್ಪತ್ರೇಲಿ ಹುಟ್ಟೋ ಪ್ರತಿ ಕೂಸಿಗೂ ಕೊಡಬೇಕು ಅಂತ ಭಾರತ ಸರ್ಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸ್ತು. ಒಂದು ಕೆಜಿ ಮೇಲಿರೋ ಕೂಸಿಗೆ ಒಂದು ಮಿಲಿಗ್ರಾಂ, ಅಷ್ಟೇ.

ಅಣ್ಣಂಗೆ ಆದದ್ದು ಇದೇ ಅಂತ ಈಗ ಯಾರೂ ಪರೀಕ್ಷೆ ಮಾಡಿ ಹೇಳಕ್ಕಾಗಲ್ಲ. ಆದ್ರೆ ದಿನ, ಲಕ್ಷಣ ಎಲ್ಲಾ ತಾಳೆ ಆಯ್ತದೆ.

ನಿಮ್ಮನೇಲಿ ಹೆರಿಗೆ ಆದ್ರೆ "ಕೆ ಇಂಜೆಕ್ಷನ್ ಆಯ್ತಾ?" ಅಂತ ಕೇಳಿ. ಹೊಕ್ಕಳು, ಮೂಗು, ಮಲ ಎಲ್ಲಾದ್ರೂ ರಕ್ತ ಕಂಡ್ರೆ ಅರಿಸಿನ ಹುಡುಕಬೇಡಿ, ಆಸ್ಪತ್ರೆಗೆ ಓಡಿ. ಬಾಣ್ತೀನ ಮಾತ್ರ ಅನ್ನಬೇಡಿ. ನಮ್ಮವ್ವಂಗೆ ಈ ಮಾತು ಹೇಳೋಕೆ ನಂಗೆ ತಡ ಆಗೋಯ್ತು.