ಸತ್ತರೋ, ಕೊಂದರೋ: ರುವಾಂಡ ಸುದ್ದಿಯಾದ ಬಗೆ

1994ರ ಜೂನ್ 10. ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರೆ ಕ್ರಿಸ್ಟೀನ್ ಶೆಲ್ಲಿ ವಾಷಿಂಗ್ಟನ್‌ನಲ್ಲಿ ಪತ್ರಕರ್ತರೆದುರು ಮಾತನಾಡುತ್ತಿದ್ದಾರೆ. ರುವಾಂಡದಲ್ಲಿ 'ಜನಾಂಗಹತ್ಯೆಯ ಕೃತ್ಯಗಳು' ನಡೆದಿವೆ ಎನ್ನುತ್ತಾರೆ, 'ಜನಾಂಗಹತ್ಯೆ' ಎನ್ನಲು ಮಾತ್ರ ಒಪ್ಪುವುದಿಲ್ಲ. ಅಂಥ ಎಷ್ಟು ಕೃತ್ಯಗಳು ಸೇರಿದರೆ ಒಂದು ಜನಾಂಗಹತ್ಯೆಯಾಗುತ್ತದೆ ಎಂದು ಪತ್ರಕರ್ತರೊಬ್ಬರು ಕೇಳುತ್ತಾರೆ. ಉತ್ತರಿಸುವ ಸ್ಥಾನದಲ್ಲಿ ತಾನಿಲ್ಲ ಎನ್ನುತ್ತಾರೆ ಶೆಲ್ಲಿ. ಕೊಲೆಗಳು ಶುರುವಾಗಿ ಆಗಲೇ ಎರಡು ತಿಂಗಳಾಗಿತ್ತು.

ಒಂದು ಪದಕ್ಕೆ ಇಷ್ಟು ಅಳುಕೇಕೆ? ರಾಫೆಲ್ ಲೆಮ್ಕಿನ್ 1944ರಲ್ಲಿ ಈ ಪದವನ್ನು ಬಳಕೆಗೆ ತಂದರು. 1948ರ ವಿಶ್ವಸಂಸ್ಥೆಯ ಒಪ್ಪಂದವು ಜನಾಂಗಹತ್ಯೆಯನ್ನು ತಡೆಯುವ ಹೊಣೆಯನ್ನು ಸಹಿ ಹಾಕಿದ ದೇಶಗಳ ಮೇಲೆ ಹೊರಿಸಿತು. ಹೆಸರಿಟ್ಟರೆ ಹೊಣೆ ಹೊರಬೇಕು. ಆದರೆ ಸರ್ಕಾರಗಳಿಗೆ ಹೀಗೆ ನುಣುಚಿಕೊಳ್ಳುವ ದಾರಿಯನ್ನು ಸುದ್ದಿಯ ಭಾಷೆಯೇ ಸುಗಮಗೊಳಿಸಿತ್ತು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಅವರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ನಡೆದದ್ದು ಹಠಾತ್ ಉನ್ಮಾದವಲ್ಲ. ರಸ್ತೆತಡೆಗಳಲ್ಲಿ ಜನರ ಗುರುತಿನ ಚೀಟಿ ನೋಡಿ ಟುಟ್ಸಿಗಳನ್ನು ಕೊಂದರು. ಚೀಟಿಯಲ್ಲಿ ಜನಾಂಗದ ಹೆಸರು ಬರೆಯುವ ಪದ್ಧತಿ 1930ರ ದಶಕದ ಬೆಲ್ಜಿಯಂ ಆಡಳಿತದ ಕೊಡುಗೆ. ಹುಟುಗಳೂ ಟುಟ್ಸಿಗಳೂ ಆಡುವುದು ಕಿನ್ಯಾರುವಾಂಡ ಎಂಬ ಒಂದೇ ಭಾಷೆ. ಸುಮಾರು ನೂರು ದಿನಗಳಲ್ಲಿ ಹತ್ತಿರ ಹತ್ತಿರ 8 ಲಕ್ಷ ಜನ ಹತರಾದರು. ಕೊಲೆಗಾರರನ್ನು ವಿರೋಧಿಸಿದ ಹುಟುಗಳೂ ಅವರಲ್ಲಿದ್ದರು.

ಹೊರಗಿನ ಜಗತ್ತು ಮೊದಲ ವಾರಗಳಲ್ಲಿ ಹೆಚ್ಚಾಗಿ ಓದಿದ್ದು 'ಬುಡಕಟ್ಟು ಕಾಳಗ', 'ಹಳೆಯ ದ್ವೇಷ', 'ಅರಾಜಕತೆ' ಎಂಬ ಮಾತುಗಳನ್ನು. ಸಾವಿನ ಸುದ್ದಿ ಮುಚ್ಚಿಹೋಗಿರಲಿಲ್ಲ, ಕೊಂದವರು ಮಾತ್ರ ವಾಕ್ಯದಿಂದ ಕಾಣೆಯಾಗಿದ್ದರು. ಎರಡು ಬುಡಕಟ್ಟುಗಳು ಹೊಡೆದಾಡುತ್ತಿದ್ದರೆ ಹೊರಗಿನವರು ಏನು ತಾನೆ ಮಾಡಲಾದೀತು? ಏಪ್ರಿಲ್ 21ರಂದು ಭದ್ರತಾ ಮಂಡಳಿ ತನ್ನ ಶಾಂತಿಪಾಲನಾ ಪಡೆಯನ್ನು 270 ಜನರಿಗೆ ಇಳಿಸಲು ತೀರ್ಮಾನಿಸಿತು. ವಿದೇಶಿ ಪತ್ರಕರ್ತರಲ್ಲಿ ಬಹುಪಾಲು ಮಂದಿ ಹೊರಟುಹೋಗಿದ್ದರು. ಆ ತಿಂಗಳ ಕೊನೆಯಲ್ಲಿ ಆಫ್ರಿಕಾದ ದೊಡ್ಡ ಸುದ್ದಿ ಮಂಡೇಲಾ ಗೆದ್ದ ಚುನಾವಣೆ.

ದೇಶದೊಳಗೆ ಮಾಧ್ಯಮದ ಪಾತ್ರ ಇನ್ನೂ ಘೋರ. 1993ರಲ್ಲಿ ಶುರುವಾಗಿದ್ದ ಆರ್‌ಟಿಎಲ್‌ಎಂ ರೇಡಿಯೊ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯಿತು. ಹಾಡು, ಹರಟೆಗಳ ನಡುವೆ, ಕೊಲ್ಲಬೇಕಾದವರ ಹೆಸರು ಹೇಳಿತು. ಅದರ ಇಬ್ಬರು ಸ್ಥಾಪಕರನ್ನೂ 'ಕಂಗುರಾ' ಪತ್ರಿಕೆಯ ಸಂಪಾದಕನನ್ನೂ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರ ಡಿಸೆಂಬರ್‌ನಲ್ಲಿ ಅಪರಾಧಿಗಳೆಂದು ಘೋಷಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ ಕಡಿಮೆಯಾಯಿತು, ಬಿಡುಗಡೆಯಾಗಲಿಲ್ಲ.

ಜುಲೈನಲ್ಲಿ ಕ್ಯಾಮೆರಾಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಆದರೆ ಬಂದದ್ದು ಗಡಿಯಾಚೆಯ ಗೋಮಾಕ್ಕೆ. ಅಲ್ಲಿಗೆ ಓಡಿಬಂದ ಲಕ್ಷಾಂತರ ಹುಟುಗಳ ನಡುವೆ ಕಾಲರಾ ಹರಡಿತ್ತು. ಆ ಸಂಕಟ ನಿಜ. ಆದರೆ ಅದೇ ಶಿಬಿರಗಳಲ್ಲಿ, ಸೋತ ಸರ್ಕಾರದ ಸೈನಿಕರೂ ಕೊಲೆಗಡುಕ ಪಡೆಗಳವರೂ ಸೇರಿಕೊಂಡಿದ್ದರು. ದೂರದ ವೀಕ್ಷಕನಿಗೆ ಕೊಂದವರೂ ನಿರಾಶ್ರಿತರೂ ಒಂದೇ ಚಿತ್ರದಲ್ಲಿ ಕಂಡರು. ಜನಾಂಗಹತ್ಯೆ ಆತನ ನೆನಪಿನಲ್ಲಿ ಬರ, ಪ್ರವಾಹಗಳ ಸಾಲಿಗೆ ಸೇರಿತು.

ಆದರೂ ಮಾಧ್ಯಮ ಒಂದೇ ಬಣ್ಣದ್ದಲ್ಲ. ಜೂನ್ 10ರಂದು ಆ ಪ್ರಶ್ನೆ ಕೇಳಿದವರೂ ಪತ್ರಕರ್ತರೇ. ಬಿಬಿಸಿಯ ಮಾರ್ಕ್ ಡಾಯ್ಲ್‌ರಂಥವರು ಕೊಲೆಗಳ ನಡುವೆಯೂ ಕಿಗಾಲಿಯಿಂದ ವರದಿ ಮಾಡಿದರು.

ಹೊರದೇಶದ ಸುದ್ದಿ ಕನ್ನಡಕ್ಕೆ ಬರುವುದು ಹೆಚ್ಚಾಗಿ ಸುದ್ದಿಸಂಸ್ಥೆಗಳ ಇಂಗ್ಲಿಷ್‌ನಿಂದ. ಅಲ್ಲಿನ ಪದದ ಜೊತೆಗೆ ಅಲ್ಲಿನ ಕುರುಡೂ ಬರುತ್ತದೆ. ಕನ್ನಡದಲ್ಲಿ 'ಸತ್ತರು' ಎಂದರೆ ವಾಕ್ಯ ಅಲ್ಲಿಗೆ ಮುಗಿಯುತ್ತದೆ. 'ಕೊಂದರು' ಎಂದೊಡನೆ ಯಾರು, ಯಾರನ್ನು ಎಂದು ಕೇಳಲೇಬೇಕಾಗುತ್ತದೆ. 'ಘರ್ಷಣೆಯಲ್ಲಿ ಇಷ್ಟು ಸಾವು' ಎಂಬ ಶೀರ್ಷಿಕೆ ಕಂಡಾಗ ಈ ಎರಡು ಪ್ರಶ್ನೆ ಕೇಳುವ ಓದುಗರು 1994ರಲ್ಲಿ ಇನ್ನಷ್ಟು ಮಂದಿ ಇದ್ದಿದ್ದರೆ, ಸರ್ಕಾರಗಳು ನುಣುಚಿಕೊಳ್ಳುವುದು ಅಷ್ಟು ಸುಲಭವಾಗುತ್ತಿರಲಿಲ್ಲ.