ಕೊಟ್ಟಗುಡಿ ಹೊಳೆಯ ಮೀಸೆಮೀನು

ಹೋದ ಐಪ್ಪಸಿಯಲ್ಲಿ ಕೊಟ್ಟಗುಡಿ ಹೊಳೆಗೆ ಹೊಸನೀರು ಬಂದಾಗ ಏಳನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: "ಐಯಾ, ನಮ್ಮ ಹೊಳೇಲಿ ಕೆಳುತ್ತಿ ಇದ್ಯಾ? ಹಿಡೀಬಹುದಾ?" ಇದೆ ಕಣಪ್ಪಾ, ಹಿಡೀಬಹುದು ಅಂತ ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ ನಾನು ಹೇಳಿದ್ದು ಅರ್ಧ ಮಾತ್ರ ಅನ್ನಿಸಿತು. ಮಿಕ್ಕ ಅರ್ಧ ಇಲ್ಲಿದೆ.

ಮೈಮೇಲೆ ಹುರುಪೆ ಇಲ್ಲದ, ಬಾಯಿ ಸುತ್ತ ಮೀಸೆ ಇರುವ ಮೀನಿಗೆಲ್ಲ ನಾವು ಬೋಡಿಯವರು ತಮಿಳಿನ ಹಾಗೆ ಕೆಳುತ್ತಿ ಅಂದುಬಿಡುತ್ತೇವೆ. ನಮ್ಮ ಹಿರಿಯರು ವಿಜಯನಗರದ ಕಾಲದಲ್ಲಿ ಬಡಗಲಿಂದ ಇಳಿದು ಬಂದವರು ಅನ್ನೋದು ಮನೆಮನೆಯ ಮಾತು. ಕಂಬಂ ಕಣಿವೆಯ ಕನ್ನಡದವರ ವಿಷಯ 1906ರ ಮಧುರೆ ಗೆಜೆಟಿಯರಿನಲ್ಲೂ ಇದೆ. ಅವರು ತಂದ ಮೀನಿನ ಹೆಸರುಗಳಲ್ಲಿ ಎಷ್ಟೋ ಸವೆದುಹೋಗಿವೆ. ಮಲೆನಾಡಿನವರು ಇಂದಿಗೂ ಮುರುಗೋಡು ಅಂತಾರೆ, ಗಿರ್ಲು ಅಂತಾರೆ. ನಮ್ಮ ಮಕ್ಕಳಿಗೆ ಎರಡೂ ಗೊತ್ತಿಲ್ಲ.

ಆದರೆ ಎಲ್ಲವೂ ಹೋಗಿಲ್ಲ. ತಮಿಳರು ತೇಳಿ ಅನ್ನುವ ಮೀನು ಕನ್ನಡದಲ್ಲಿ ಚೇಳುಮೀನು. ತೇಳ್ ಅಂದರೂ ಚೇಳೇ. ಎದೆಯ ಪಕ್ಕದ ಮುಳ್ಳು ಚುಚ್ಚಿಸಿಕೊಂಡವರಿಗೆ ಈ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಬಾಯಿಯ ಬಾಳೆಮೀನು ತಮಿಳಿಗೆ ವಾಳೈ, ತೆಲುಗಿಗೆ ವಾಲುಗ. ಪಂಡಿತರು ಇದಕ್ಕೆ ಇಟ್ಟ ಹೆಸರು ವಲ್ಲಾಗೊ ಅಟ್ಟು. ಅದು ಲ್ಯಾಟಿನ್ನೇ ಅಲ್ಲ! ವಲ್ಲಾಗೊ ಅಂದರೆ ತೆಲುಗಿನ ವಾಲುಗ, ಅಟ್ಟು ಅಂದರೆ ತಮಿಳಿನ ಆತ್ತು, ಹೊಳೆಯದು ಅಂತ. ಬೋಡಿ ಸಂತೆಯಲ್ಲಿ ಕೇಳುವ ಮಾತುಗಳೇ ಪುಸ್ತಕಕ್ಕೆ ಹೋಗಿ ಕೂತಿವೆ. ಚೇಳುಮೀನಿನ ಕಥೆಯೂ ಇಂಥದೇ. ತರಂಗಂಬಾಡಿಯಿಂದ ಹೋದ ಮೀನನ್ನು ನೋಡಿ ಬರ್ಲಿನ್ನಿನ ಬ್ಲಾಕ್ 1794ರಲ್ಲಿ ಅದಕ್ಕೆ ಫಾಸಿಲಿಸ್ ಅಂತ ಹೆಸರಿಟ್ಟ. ಅಗೆದು ತೆಗೆದದ್ದು ಅಂತ ಅರ್ಥ.

ಈ ಅಗೆಯುವ ಮಾತಿನಲ್ಲೇ ನಮ್ಮ ಸೀಮೆಯ ಚರಿತ್ರೆ ಇದೆ. ವೈಗೈ ಮಳೆಗಾಲದ ಹೊಳೆ. ಬೇಸಿಗೆಯಲ್ಲಿ ಬರೀ ಮರಳು. ಬೇರೆ ಮೀನು ಸತ್ತು ಕೊಳೆತರೂ ಮುರುಗೋಡು, ಚೇಳುಮೀನು ಕೆಸರಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಮುರುಗೋಡಿನ ಕಿವಿರಿನ ಮೇಲೆ ಕೊಂಬೆ ಒಡೆದ ಗಿಡದ ಹಾಗೆ ಒಂದು ಅಂಗ ಇದೆ. ಚೇಳುಮೀನಿಗೆ ಬೆನ್ನುದ್ದಕ್ಕೂ ಎರಡು ಗಾಳಿಚೀಲ. ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಹೋಗುತ್ತವೆ. ಕೆರೆ ಬತ್ತಿದಾಗ ಊರಿಗೆ ಊರೇ ತಳವಿಲ್ಲದ ಬುಟ್ಟಿ ಹಿಡಿದು ಇಳಿಯುವ ಮೀನಹಬ್ಬ ದಿಂಡುಕ್ಕಲ್, ಮಧುರೆ ಕಡೆ ಈಗಲೂ ನಡೆಯುತ್ತದೆ. ಅಲ್ಲಿ ಕಡೆಗೆ ಕೆಸರಿನಲ್ಲಿ ಕೈಗೆ ಸಿಕ್ಕುವುದು ಇವೇ.

1895ರಲ್ಲಿ ಹೊಳೆಯ ಹಣೆಬರಹ ಬದಲಾಯಿತು. ಪೆನ್ನಿಕ್ವಿಕ್ ಕಟ್ಟಿಸಿದ ಅಣೆಯಿಂದ ಪೆರಿಯಾರ್ ನೀರು ಒಂದು ಮೈಲಿಗೂ ಮೀರಿದ ಸುರಂಗದಲ್ಲಿ ಬೆಟ್ಟ ದಾಟಿ ಕಂಬಂ ಕಣಿವೆಗೆ ಇಳಿಯಿತು. ಪಡುವಣ ಕಡಲಿಗೆ ಹೋಗಬೇಕಿದ್ದ ನೀರು ಮೂಡಲಿಗೆ ತಿರುಗಿತು. ಎರಡು ಬೆಳೆ ಬತ್ತ ಬಂತು, ಗದ್ದೆಯ ಬದಿಯಲ್ಲಿ ಸದಾ ನೀರು ನಿಂತಿತು. ನೀರಿನ ಜೊತೆ ಮೀನೂ ಬೆಟ್ಟ ದಾಟಿರಬೇಕು ಅಂತ ನನ್ನ ಊಹೆ. ಬೋಡಿಯ ನಮ್ಮ ಹೊಳೆಗೆ ಮಾತ್ರ ಆ ಪುಣ್ಯ ಇಲ್ಲ. ಅದು ಕುರಂಗಣಿ ಬೆಟ್ಟದ ಮಳೆಯನ್ನೇ ನಂಬಿಕೊಂಡಿದೆ.

1959ರಲ್ಲಿ ವೈಗೈ ಅಣೆ ಆಯಿತು. ಕಟ್ಲಾ, ರೋಹು ಮರಿಗಳನ್ನು ಬಿಟ್ಟರು. 1952ರಲ್ಲಿ ದೇಶಕ್ಕೆ ತಂದ ಆಫ್ರಿಕದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಕೆರೆಕೆರೆಗೂ ಹಬ್ಬಿತು.

ಇವೆಲ್ಲಕ್ಕಿಂತ ಕೆಟ್ಟದ್ದು 1990ರ ದಶಕದಲ್ಲಿ ಬಂದ ಆಫ್ರಿಕದ ಕ್ಯಾಟ್‌ಫಿಶ್. ಬಾಂಗ್ಲಾದೇಶದ ದಾರಿಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಬಂತು. ಕೋಳಿ ಅಂಗಡಿಯ ಕರುಳು ಹಾಕಿದರೂ ತಿಂದು ಬೆಳೆಯುತ್ತದೆ, ಹೊಳೆಗೆ ಬಿದ್ದರೆ ನಮ್ಮ ಮೀನಿನ ಮರಿಗಳನ್ನು ನುಂಗುತ್ತದೆ. 2000ದಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿತು, 2019ರಲ್ಲಿ ಹಸಿರು ನ್ಯಾಯಮಂಡಳಿ ಮತ್ತೆ ಹೇಳಿತು. ಆದರೂ ಕಳ್ಳತನದಲ್ಲಿ ಸಾಕುವವರಿದ್ದಾರೆ. ಮಳೆ ಹೆಚ್ಚಾಗಿ ಹೊಂಡ ಒಡೆದರೆ ಅದು ಹೊಳೆಯ ಪಾಲು. ಗುರುತು ಹಿಡಿಯುವುದು ಕಷ್ಟವಲ್ಲ. ನಮ್ಮ ಮುರುಗೋಡು ಮೊಳದುದ್ದಕ್ಕಿಂತ ಹೆಚ್ಚು ಬೆಳೆಯುವುದು ಅಪರೂಪ, ಮೈ ಒಂದೇ ಬಣ್ಣ. ಅದೋ ಮೀಟರು ದಾಟುತ್ತದೆ, ತಲೆ ಚಪ್ಪಟೆ ಅಗಲ, ಮೈಮೇಲೆ ಮೋಡ ಕವಿದ ಹಾಗೆ ಮಚ್ಚೆ.

ಈಗ ಹುಡುಗನ ಎರಡನೇ ಪ್ರಶ್ನೆ. ಗಾಳ ಹಾಕು, ಎರೆಹುಳು ಸಾಕು, ಹೊತ್ತು ಮುಳುಗಿದ ಮೇಲೆ ಹಾಕು. ಇವು ರಾತ್ರಿ ಮೇಯುವ ಮೀನು. ಅಣೆಕಟ್ಟಿನ ನೀರಿನಲ್ಲಾದರೆ ಮೀನುಗಾರಿಕೆ ಇಲಾಖೆಯವರನ್ನು ಕೇಳಿಕೊಂಡು ಹೋಗಬೇಕು. ತೋಟೆ ಸಿಡಿಸುವುದು, ನೀರಿಗೆ ವಿಷ ಹಾಕುವುದು 1897ರ ಕಾನೂನಿನಿಂದಲೂ ಅಪರಾಧ. ಅಂದರೆ ಪೆರಿಯಾರ್ ನೀರು ಬಂದ ಎರಡೇ ವರ್ಷಕ್ಕೆ ಬಂದ ಕಾನೂನು. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಇಡು, ಊತ ಏರಿದರೆ ಆಸ್ಪತ್ರೆಗೆ ಹೋಗು.

ಆದರೆ ಅವನು ಕೇಳಿದ್ದು ಹೊಸನೀರಿನ ಹೊತ್ತಿನಲ್ಲಿ. ಆಗ ಹೊಳೆಯಿಂದ ಗದ್ದೆಗೆ ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ. ನಾನೂ ಚಿಕ್ಕಂದಿನಲ್ಲಿ ಆ ಹೊತ್ತಿನಲ್ಲೇ ಬುಟ್ಟಿಗಟ್ಟಲೆ ಹಿಡಿದವನು, ತಾತ ಬೈದಿದ್ದೂ ನೆನಪಿದೆ. ಮಾರನೆಯ ದಿನ ಆ ಹುಡುಗನನ್ನು ಕರೆದು, ಎರಡು ತಿಂಗಳು ತಡೆದು ತೈ ತಿಂಗಳಲ್ಲಿ ಗಾಳ ಹಾಕು ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದ.