ಚಾಲೆಂಜರ್ ನೌಕೆ ಮತ್ತು ದಕ್ಷಿಣ ಧ್ರುವಸಮುದ್ರದ ನಾವಿಕ ಜೀವನ

ಸಮುದ್ರಶಾಸ್ತ್ರದ ಉಗಮವನ್ನು ವಿವರಿಸುವ ಗ್ರಂಥಗಳೆಲ್ಲವೂ ಬ್ರಿಟಿಷ್ ನೌಕಾದಳದ ಚಾಲೆಂಜರ್ ಹಡಗಿನ ಯಾತ್ರೆಯನ್ನು ಸ್ಮರಿಸುತ್ತವೆ. 1872ರ ಡಿಸೆಂಬರಿನಲ್ಲಿ ಹೊರಟು 1876ರ ಮೇ ತಿಂಗಳಿನಲ್ಲಿ ಹಿಂತಿರುಗಿದ ಈ ನೌಕೆ ಸುಮಾರು 69,000 ನಾವಿಕ ಮೈಲಿಗಳನ್ನು ಕ್ರಮಿಸಿತು. ಅದರ ವೈಜ್ಞಾನಿಕ ವರದಿ 50 ಸಂಪುಟಗಳಷ್ಟಾಗಿ, 1895ರಲ್ಲಿ ಸಂಪೂರ್ಣವಾಯಿತು. ವೈವಿಲ್ ಥಾಮ್ಸನ್, ಜಾನ್ ಮರೆ, ಮೋಸ್ಲಿ ಮುಂತಾದ ವಿದ್ವಾಂಸರ ಕೀರ್ತಿ ಸುಪರಿಚಿತವಾದುದೇ. ಆದರೆ ಆ ಜ್ಞಾನವನ್ನು ಸಮುದ್ರದ ತಳದಿಂದ ಮೇಲೆತ್ತಿದ ಕೈಗಳು ಯಾರವು? ಈ ಪ್ರಶ್ನೆಯನ್ನು 1874ರ ಧ್ರುವಯಾನದ ಸಂದರ್ಭದಲ್ಲಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಚಾಲೆಂಜರ್ ಮೂಲತಃ ಯುದ್ಧನೌಕೆ. ಎರಡನ್ನು ಬಿಟ್ಟು ಉಳಿದ ತೋಪುಗಳನ್ನೆಲ್ಲ ತೆಗೆದು, ಆ ಸ್ಥಳದಲ್ಲಿ ಪ್ರಯೋಗಶಾಲೆಗಳನ್ನು ಕಟ್ಟಲಾಗಿತ್ತು. ಆದರೆ ಹಿಮವನ್ನು ಎದುರಿಸಲು ಬೇಕಾದ ವಿಶೇಷ ಬಲವರ್ಧನೆ ಅದಕ್ಕಿರಲಿಲ್ಲ. ಹೀಗಿದ್ದರೂ ಕ್ಯಾಪ್ಟನ್ ನೇರ್ಸ್ ಅದನ್ನು ಕೆರ್ಗುಲೆನ್ ದ್ವೀಪದಿಂದ ತೆಂಕಣಕ್ಕೆ ನಡೆಸಿದನು. ಫೆಬ್ರವರಿ 16ರಂದು ಅದು ದಕ್ಷಿಣ ಧ್ರುವವೃತ್ತವನ್ನು ದಾಟಿತು; ಹಬೆಯಂತ್ರವುಳ್ಳ ಹಡಗೊಂದು ಆ ವೃತ್ತವನ್ನು ದಾಟಿದುದು ಅದೇ ಮೊದಲು.

ಅಲ್ಲಿಯ ದಿನಚರಿ ಕಠಿಣವಾದುದು. ಸಹಸ್ರ ಮಾರುಗಳಿಗೂ ಮಿಕ್ಕ ಆಳಕ್ಕೆ ಸೆಣಬಿನ ಹಗ್ಗವನ್ನು ಇಳಿಸಿ, ತಳದ ಕೆಸರನ್ನು ಬಲೆಯಲ್ಲಿ ಗೋರಿ, ಮತ್ತೆ ಮೇಲೆಳೆಯಬೇಕಾಗಿತ್ತು. ಹಗ್ಗವನ್ನು ಎಳೆಯಲು ಸಣ್ಣ ಹಬೆಯಂತ್ರವಿದ್ದರೂ ಒಂದೊಂದು ಬಾರಿಗೂ ಹಲವು ಗಂಟೆಗಳು ಹಿಡಿಯುತ್ತಿದ್ದವು. ಈ ಕೆಲಸದ ಹೆಸರು 'ಡ್ರೆಜಿಂಗ್'. ನಾವಿಕರು ಅದನ್ನು 'ಡ್ರಡ್ಜಿಂಗ್', ಅಂದರೆ ಬರಿಯ ಜೀತ, ಎಂದು ಹಾಸ್ಯಮಾಡಿದರು. ಅಪಾಯವೂ ಇಲ್ಲದಿರಲಿಲ್ಲ. ಯಾತ್ರೆಯ ಆರಂಭದಲ್ಲಿಯೇ, 1873ರಲ್ಲಿ, ಹಗ್ಗದ ರಾಟೆಯು ಕಿತ್ತುಬಂದು ಬಡಿದುದರಿಂದ ಎಳೆಯ ನಾವಿಕನೊಬ್ಬನು ಮೃತನಾಗಿದ್ದನು.

ಫೆಬ್ರವರಿ 24ರ ಘಟನೆ ವಿಶೇಷವಾಗಿ ಗಮನಾರ್ಹ. ಬಿರುಗಾಳಿಯಿಂದ ಮರೆಪಡೆಯಲೆಂದು ಹಡಗು ತೇಲುವ ಹಿಮಬಂಡೆಯೊಂದನ್ನು ಸಮೀಪಿಸಿದಾಗ ಅದಕ್ಕೇ ತಗುಲಿ, ಮೂತಿಯಿಂದ ಮುಂಚಾಚಿದ ಕಂಬವನ್ನು ಕಳೆದುಕೊಂಡಿತು. ಅಂದೇ ಹಿಮಪಾತದಲ್ಲಿ ದಾರಿಕಾಣದೆ ಇನ್ನೊಂದು ಬಂಡೆಯ ಎದುರಿಗೆ ಬಂದು, ಯಂತ್ರವನ್ನು ಹಿಮ್ಮುಖವಾಗಿ ನಡೆಸಿದುದರಿಂದ ಪಾರಾಯಿತು. ಇಂತಹ ಹೊತ್ತಿನಲ್ಲಿ ಹೆಪ್ಪುಗಟ್ಟಿದ ಹಾಯಿಗಳನ್ನು ಬರಿಗೈಯಿಂದ ಮಡಿಸಬೇಕಾದವರು ಉಪ್ಪುಮಾಂಸ ಹಾಗೂ ಗಟ್ಟಿ ಬಿಸ್ಕತ್ತನ್ನು ತಿಂದು ತೂಗುಮಂಚದಲ್ಲಿ ಮಲಗುತ್ತಿದ್ದ ಸಾಮಾನ್ಯರು.

ಅವರ ಶ್ರಮ ವ್ಯರ್ಥವಾಗಲಿಲ್ಲ. ಬಲೆಯಲ್ಲಿ ಗ್ರಾನೈಟ್, ನೈಸ್ ಮೊದಲಾದ ಕಲ್ಲುಗಳು ದೊರೆತವು. ಇವು ಸಾಗರ ಮಧ್ಯದ ದ್ವೀಪಗಳಲ್ಲಿ ಹುಟ್ಟುವ ಶಿಲೆಗಳಲ್ಲ, ಭೂಖಂಡದ ಶಿಲೆಗಳು. ಹಿಮಬಂಡೆಗಳು ಅವನ್ನು ಹೊತ್ತುತಂದು ಕರಗುವಾಗ ಕೆಳಗೆ ಚೆಲ್ಲಿದ್ದವು. ಆದುದರಿಂದ ದಕ್ಷಿಣದಲ್ಲಿ ಭೂಖಂಡವಿರಲೇಬೇಕೆಂದು ಮರೆ ವಾದಿಸಿದನು. ಹಡಗಿನವರು ಆ ನೆಲವನ್ನು ಕಣ್ಣಾರೆ ಕಾಣಲಿಲ್ಲವೆಂಬುದನ್ನು ನೆನೆದರೆ ಈ ತೀರ್ಮಾನದ ಬೆಲೆ ತಿಳಿದೀತು.

ಅಧಿಕೃತ ಸಂಪುಟಗಳಲ್ಲಿ ನಾವಿಕರ ಅನುಭವಕ್ಕೆ ದೊರೆತ ಸ್ಥಳ ಅತ್ಯಲ್ಪ. ಆ ಕೊರತೆಯನ್ನು ಕೆಲಮಟ್ಟಿಗೆ ತುಂಬುವುವು ಹಡಗಿನ ಉಗ್ರಾಣದ ಸಹಾಯಕ ಜೋಸೆಫ್ ಮ್ಯಾಟ್ಕಿನ್ ಮನೆಯವರಿಗೆ ಬರೆದ ಪತ್ರಗಳು. ಇವು ಪುಸ್ತಕರೂಪದಲ್ಲಿ ಪ್ರಕಟವಾದುದು 1992ರಲ್ಲಿ, ಎಂದರೆ ಯಾತ್ರೆ ಮುಗಿದು ಶತಮಾನಕ್ಕೂ ಹೆಚ್ಚು ಕಾಲ ಸಂದಮೇಲೆ. ತಾಯಿಗೆ ಬರೆಯುವ ಮಗನು ಭಯವನ್ನು ಮರೆಮಾಚಬಹುದು. ಒಬ್ಬನ ಮಾತು ಇನ್ನೂರಕ್ಕೂ ಮಿಕ್ಕ ಜನರ ಮಾತಾಗಲಾರದು. ಇದನ್ನು ಮರೆಯದೆ ಪತ್ರಗಳನ್ನು ಓದಬೇಕು. ಆದರೆ ಯಾತ್ರೆಯ ಅವಧಿಯಲ್ಲಿ ಸುಮಾರು 60 ಮಂದಿ ಹಡಗನ್ನು ಬಿಟ್ಟು ಓಡಿಹೋದರೆಂಬ ಸಂಗತಿಯೂ ಒಂದು ಸಾಕ್ಷ್ಯವೇ. ಪತ್ರ ಬರೆಯದವರು ತಮ್ಮ ಅಭಿಪ್ರಾಯವನ್ನು ಹಾಗೆ ದಾಖಲಿಸಿದರು.

ವಿಜ್ಞಾನದ ಇತಿಹಾಸವನ್ನು ಬೋಧಿಸುವಾಗ ನಾವು ಸಿದ್ಧಾಂತಗಳ ಜೊತೆಗೆ ಹಗ್ಗವನ್ನೂ ಅದನ್ನು ಹಿಡಿದವನನ್ನೂ ನೆನೆಯಬೇಕು. ಇದು ಕೇವಲ ಕೃತಜ್ಞತೆಯ ಮಾತಲ್ಲ. ಆ ಕಲ್ಲುಗಳು ಮರೆಯ ಮೇಜಿಗೆ ಹೇಗೆ ಬಂದುವೆಂಬುದನ್ನು ಅರಿಯದೆ ಆತನ ತೀರ್ಮಾನದ ಇತಿಹಾಸ ಪೂರ್ಣವಾಗುವುದಿಲ್ಲ.